ಕಂಪ್ಯೂಟರ್‌ಗೆ ನೀರು ಹರಿಸಿದರೂ ಬಿಸಿ ಇಳಿಯುತ್ತಿಲ್ಲವೇ? ಮೊದಲು ಈ ಮೂರು ಅಂಕಿ ನೋಡಿ

ಬೇಸಿಗೆ ಬಂದರೆ ಸಾಕು, ವಾಟ್ಸಾಪ್ ಗುಂಪುಗಳಲ್ಲಿ ಒಂದು ಬಗೆಯ ವಿಡಿಯೋ ಓಡಾಡಲು ಶುರುವಾಗುತ್ತದೆ. ಒಂದು ಬಕೆಟ್ ನೀರು, ಮೀನಿನ ತೊಟ್ಟಿಗೆ ಹಾಕುವ ಪಂಪು, ಎರಡು ಪ್ಲಾಸ್ಟಿಕ್ ಪೈಪು, ಪ್ರೊಸೆಸರ್ ಮೇಲೆ ಕೂರಿಸಿದ ಒಂದು ತಾಮ್ರದ ಬ್ಲಾಕ್. ಪರದೆಯ ಮೇಲೆ ಉಷ್ಣಾಂಶ ಸರ್ರನೆ ಇಳಿಯುವುದನ್ನು ತೋರಿಸಿ ವಿಡಿಯೋ ಮುಗಿಯುತ್ತದೆ. ಕೆಳಗೆ ಒಂದು ಸಾಲು: ‘ಸಾವಿರಾರು ರೂಪಾಯಿ ಉಳಿಸಿ, ಎಲ್ಲರಿಗೂ ಕಳಿಸಿ.’

ಈ ವಿಡಿಯೋ ಸುಳ್ಳೇ? ಅಲ್ಲ. ಆದರೆ ಪೂರ್ತಿ ನಿಜವೂ ಅಲ್ಲ. ಅದರಲ್ಲಿ ಬಿಟ್ಟುಹೋದ ಭಾಗ ಏನು ಅನ್ನುವುದು ಭದ್ರಾವತಿಯ ನಮ್ಮ ಪರಿಚಯದ ಹುಡುಗನೊಬ್ಬನಿಗೆ ಮದುವೆ ಸೀಸನ್ನಿನ ನಡುವೆ ಗೊತ್ತಾಯಿತು.

ಅವನ ಕೆಲಸ ಮದುವೆ ವಿಡಿಯೋ ಎಡಿಟ್ ಮಾಡುವುದು. ಏಪ್ರಿಲ್‌ನಲ್ಲಿ ಅವನ ಕಂಪ್ಯೂಟರ್ ಕೆಲಸದ ಮಧ್ಯೆಯೇ ಆಫ್ ಆಗತೊಡಗಿತು. ಫಾರ್ವರ್ಡ್ ನೋಡಿ ಬಕೆಟ್ ಜೋಡಿಸಿದ. ಮೊದಲ ಅರ್ಧ ಗಂಟೆ ಎಲ್ಲಾ ಚೆನ್ನಾಗಿತ್ತು. ಮಧ್ಯಾಹ್ನದ ಹೊತ್ತಿಗೆ ಮತ್ತೆ ಅದೇ ಕಥೆ. ಬಕೆಟ್ ತೆಗೆದು ಗುಜರಿಯಿಂದ ತಂದ ಒಂದು ರೇಡಿಯೇಟರ್ ಹಾಕಿದ. ಆಗಲೂ ಸರಿಯಾಗಲಿಲ್ಲ. ‘ಅಕ್ಕ, ನೀರು ಹಾಕಿದ್ಮೇಲೂ ಬಿಸಿ ಆಗ್ತಿದ್ಯಲ್ಲ, ಇನ್ನೇನ್ ಮಾಡ್ಲಿ? ಐಸ್ ಹಾಕ್ಲಾ?’ ಎಂದು ಫೋನ್ ಮಾಡಿದ. ಎರಡು ಮನೆಯವರ ಮದುವೆಯ ಫೂಟೇಜ್ ಆ ಕಂಪ್ಯೂಟರ್‌ನಲ್ಲೇ ಇತ್ತು, ಬೇರೆಲ್ಲೂ ಪ್ರತಿ ಇರಲಿಲ್ಲ. ಮದುವೆಯನ್ನು ಎರಡನೇ ಸಲ ಶೂಟ್ ಮಾಡಲಾಗುವುದಿಲ್ಲ.

ಐಸ್ ಬೇಡ, ನಾವು ಬರುವ ತನಕ ಕಂಪ್ಯೂಟರ್ ಆಫ್ ಮಾಡಿಡು ಎಂದು ಹೇಳಿ ನಾವು ಶಿವಮೊಗ್ಗದಿಂದ ಹೊರಟೆವು. ಅಲ್ಲಿ ಕಂಡದ್ದನ್ನು ಹೇಳುವ ಮೊದಲು, ನೀರು ನಿಜವಾಗಿ ಏನು ಮಾಡುತ್ತದೆ ಎಂದು ನೋಡೋಣ.

ನೀರು ತಂಪು ಮಾಡುವುದಿಲ್ಲ, ಬಿಸಿಯನ್ನು ಹೊತ್ತೊಯ್ಯುತ್ತದೆ

ಭದ್ರಾವತಿಯ ಹಳೆಯ ಹೆಸರು ಬೆಂಕಿಪುರ. 1923ರಲ್ಲಿ ಅಲ್ಲಿ ಮೈಸೂರು ಕಬ್ಬಿಣದ ಕಾರ್ಖಾನೆ ಆರಂಭವಾಯಿತು. ಸರ್ ಎಂ. ವಿಶ್ವೇಶ್ವರಯ್ಯನವರ ಹೆಸರು ಹೊತ್ತ ಈಗಿನ ವಿಐಎಸ್‌ಎಲ್ ಅದೇ. ಕಬ್ಬಿಣ ಕರಗಿಸುವ ಊದುಕುಲುಮೆಗಳಲ್ಲಿ ಬಿಸಿ ಗಾಳಿಯನ್ನು ಒಳಗೆ ಊದುವ ಮೂತಿಗಳನ್ನು ಸಾಮಾನ್ಯವಾಗಿ ತಾಮ್ರದಿಂದ ಮಾಡುತ್ತಾರೆ. ತಾಮ್ರ ಕರಗುವುದು 1085 ಡಿಗ್ರಿಗೆ. ಆ ಮೂತಿಯ ಮುಂದೆ ಇರುವ ಬೆಂಕಿ ಅದಕ್ಕಿಂತ ಎಷ್ಟೋ ಹೆಚ್ಚು ಬಿಸಿ. ಆದರೂ ಮೂತಿ ಕರಗದೆ ಉಳಿಯಲು ಕಾರಣ, ಅದರ ಒಳಗೆ ನೀರು ನಿಲ್ಲದೆ ಹರಿಯುತ್ತಿರುತ್ತದೆ. ಹರಿವು ನಿಂತರೆ ಮೂತಿ ಸುಟ್ಟುಹೋಗುತ್ತದೆ.

ಅಲ್ಲಿ ನೀರು ಬೆಂಕಿಯನ್ನು ಆರಿಸುತ್ತಿಲ್ಲ. ತಾಮ್ರಕ್ಕೆ ತಗುಲಿದ ಬಿಸಿಯನ್ನು ಎತ್ತಿಕೊಂಡು ಹೊರಗೆ ಒಯ್ಯುತ್ತಿದೆ, ಅಷ್ಟೆ. ಹೊರಗೆ ಹೋದ ಮೇಲೆ ಆ ಬಿಸಿಯನ್ನು ಎಲ್ಲಾದರೂ ಇಳಿಸಲೇಬೇಕು. ಕಾರ್ಖಾನೆಗಳಲ್ಲಿ ಅದಕ್ಕಾಗಿ ಕೊಳಗಳು, ಕೂಲಿಂಗ್ ಟವರ್‌ಗಳು ಇರುತ್ತವೆ. ಕಂಪ್ಯೂಟರ್‌ನಲ್ಲಿ ಆ ಕೆಲಸ ಮಾಡುವುದು ರೇಡಿಯೇಟರ್ ಮತ್ತು ಫ್ಯಾನು.

ಫಾರ್ವರ್ಡ್ ವಿಡಿಯೋದಲ್ಲಿ ಬಿಟ್ಟುಹೋದದ್ದು ಇದೇ. ಬಕೆಟ್ ಬಿಸಿಯನ್ನು ಹೊರಗೆ ಹಾಕುವುದಿಲ್ಲ, ಕೂಡಿಡುತ್ತದೆ.

ಲೆಕ್ಕ ಸುಲಭ. ಜೋರು ಕೆಲಸ ಮಾಡುವಾಗ ಒಂದು ಪ್ರೊಸೆಸರ್ 150 ವ್ಯಾಟ್ ಬಿಸಿ ಹೊರಹಾಕುತ್ತದೆ ಎಂದುಕೊಳ್ಳಿ. ಹಳೆಯ ಕಾಲದ 100 ವ್ಯಾಟ್ ಬಲ್ಬ್ ಒಂದೂವರೆಯಷ್ಟು. ಇಷ್ಟು ಬಿಸಿ 20 ಲೀಟರ್ ನೀರಿಗೆ ಸೇರುತ್ತಾ ಹೋದರೆ ನೀರಿನ ಉಷ್ಣಾಂಶ ಗಂಟೆಗೆ ಸುಮಾರು 6.5 ಡಿಗ್ರಿ ಏರುತ್ತದೆ. ನೀರು ಬಿಸಿಯಾದಂತೆ ಸ್ವಲ್ಪ ಶಾಖ ಗಾಳಿಗೆ ಹೋಗುವುದು ನಿಜ. ಆದರೂ ಮೂರ್ನಾಲ್ಕು ಗಂಟೆಯಲ್ಲಿ ಬಕೆಟ್ ನೀರು ಸ್ನಾನದ ನೀರಾಗುತ್ತದೆ. ವಿಡಿಯೋ ಎರಡು ನಿಮಿಷದ್ದು, ಮದುವೆಯ ಕೆಲಸ ಇಡೀ ದಿನದ್ದು. ಅದಕ್ಕೇ ವಿಡಿಯೋದಲ್ಲಿ ಎಲ್ಲವೂ ಸರಿ ಕಾಣುತ್ತದೆ.

ಮೂರು ಅಂಕಿ, ಎರಡು ಅಂತರ

ಮನೆಯಲ್ಲೇ ಮಾಡಿದ ವಾಟರ್ ಕೂಲಿಂಗ್ ಕೈಕೊಟ್ಟಾಗ ಬಹಳಷ್ಟು ಜನ ಪ್ರೊಸೆಸರ್‌ನ ಉಷ್ಣಾಂಶ ಮಾತ್ರ ನೋಡುತ್ತಾರೆ. ಅದು ಹೆಚ್ಚಿದ್ದರೆ ದೊಡ್ಡ ಪಂಪು, ದುಬಾರಿ ಕೂಲಂಟ್ ಎಂದು ಒಂದೊಂದೇ ತರುತ್ತಾರೆ. ಜ್ವರ ಇದೆ ಅಂತ ಗೊತ್ತಾದ ಕೂಡಲೇ ಅಂಗಡಿಯ ಎಲ್ಲಾ ಮಾತ್ರೆ ನುಂಗಿದ ಹಾಗೆ.

ಬದಲಿಗೆ ಮೂರು ಅಂಕಿಗಳನ್ನು ಒಂದು ಚೀಟಿಯಲ್ಲಿ ಬರೆದುಕೊಳ್ಳಿ. ಒಂದು, ಕೋಣೆಯ ಉಷ್ಣಾಂಶ. ಎರಡು, ನೀರಿನ ಉಷ್ಣಾಂಶ. ಮೂರು, ಪ್ರೊಸೆಸರ್‌ನ ಉಷ್ಣಾಂಶ. ಮೊದಲೆರಡಕ್ಕೆ ಮೀನಿನ ತೊಟ್ಟಿಗೆ ಹಾಕುವ ಸಾದಾ ಥರ್ಮಾಮೀಟರ್ ಸಾಕು. ಮೂರನೆಯದಕ್ಕೆ ಕೋರ್ ಟೆಂಪ್‌ನಂಥ ಉಚಿತ ತಂತ್ರಾಂಶಗಳಿವೆ. ಕಂಪ್ಯೂಟರ್‌ಗೆ ಜೋರು ಕೆಲಸ ಕೊಟ್ಟು, ನೀರಿನ ಉಷ್ಣಾಂಶ ಏರುವುದು ನಿಂತ ಮೇಲೆ ಅಳೆಯಿರಿ. ಅದಕ್ಕೆ ಅರ್ಧದಿಂದ ಒಂದು ಗಂಟೆ ಬೇಕಾಗಬಹುದು.

ಈಗ ಎರಡು ಅಂತರಗಳನ್ನು ನೋಡಿ.

ನೀರು ಮತ್ತು ಕೋಣೆಯ ನಡುವಿನ ಅಂತರ ರೇಡಿಯೇಟರ್‌ನ ಕೆಲಸ ಹೇಗಿದೆ ಎಂದು ಹೇಳುತ್ತದೆ. ಅದು ಹೆಚ್ಚಿದ್ದರೆ ನೀರು ಹೊತ್ತು ತಂದ ಬಿಸಿ ಗಾಳಿಗೆ ಇಳಿಯುತ್ತಿಲ್ಲ ಎಂದರ್ಥ.

ಪ್ರೊಸೆಸರ್ ಮತ್ತು ನೀರಿನ ನಡುವಿನ ಅಂತರ ಬ್ಲಾಕ್‌ನ ಕೆಲಸ ಹೇಗಿದೆ ಎಂದು ಹೇಳುತ್ತದೆ. ಅದು ಹೆಚ್ಚಿದ್ದರೆ ಬಿಸಿ ನೀರಿನವರೆಗೆ ತಲುಪುತ್ತಲೇ ಇಲ್ಲ. ಥರ್ಮಲ್ ಪೇಸ್ಟ್, ಸ್ಕ್ರೂ, ಬ್ಲಾಕ್‌ನ ಒಳಗಿನ ಕೊಳೆ, ಪಂಪು, ಈ ನಾಲ್ಕರಲ್ಲಿ ಒಂದು ಕಾರಣ ಇರುತ್ತದೆ.

ಭದ್ರಾವತಿಯ ಆ ಕೋಣೆಯಲ್ಲಿ ನಮಗೆ ಸಿಕ್ಕ ಅಂಕಿಗಳು ಇವು: ಕೋಣೆ 34, ನೀರು 51, ಪ್ರೊಸೆಸರ್ 95. ಅಂದರೆ ಮೊದಲ ಅಂತರ 17, ಎರಡನೆಯದು 44. ಎರಡು ಕಡೆಯೂ ತೊಂದರೆ ಇತ್ತು.

ರೇಡಿಯೇಟರ್ ಗೋಡೆಗೆ ಅಂಟಿಕೊಂಡಂತೆ ನಿಂತಿತ್ತು. ಫ್ಯಾನು ಊದಿದ ಬಿಸಿ ಗಾಳಿ ಗೋಡೆಗೆ ಬಡಿದು ಮತ್ತೆ ಅದೇ ಫ್ಯಾನಿಗೆ ಬರುತ್ತಿತ್ತು. ರೆಕ್ಕೆಗಳ ಸಂದಿಯಲ್ಲಿ ಹಳೆಯ ಧೂಳು ಗಟ್ಟಿಯಾಗಿ ಕೂತಿತ್ತು. ಧೂಳು ತೆಗೆದು, ರೇಡಿಯೇಟರನ್ನು ಗೋಡೆಯಿಂದ ಒಂದಡಿ ದೂರ ಇಟ್ಟು, ಕಿಟಕಿ ಕಡೆಯಿಂದ ಗಾಳಿ ಎಳೆಯುವ ಹಾಗೆ ತಿರುಗಿಸಿದೆವು. ನೀರು 42ಕ್ಕೆ ಇಳಿಯಿತು, ಪ್ರೊಸೆಸರ್ 86ಕ್ಕೆ. ಮೊದಲ ಅಂತರ 8 ಆಯಿತು. ಎರಡನೆಯದು ಮಾತ್ರ 44ರಲ್ಲೇ ನಿಂತಿತ್ತು.

ಕಂಪ್ಯೂಟರ್ ಆಫ್ ಮಾಡಿ ಬ್ಲಾಕ್ ಬಿಚ್ಚಿದೆವು. ಪೇಸ್ಟ್ ಒಂದು ಮೂಲೆಯಲ್ಲಿ ಮಾತ್ರ ಒತ್ತಿಕೊಂಡಿತ್ತು, ಯಾಕೆಂದರೆ ನಾಲ್ಕು ಸ್ಕ್ರೂಗಳಲ್ಲಿ ಒಂದು ಸಡಿಲ. ಬ್ಲಾಕ್‌ನ ಒಳಗಿನ ಸಣ್ಣ ಕಾಲುವೆಗಳಲ್ಲಿ ಬಿಳಿ ಪದರ ಕಟ್ಟಿತ್ತು. ಅವನು ತುಂಬಿಸಿದ್ದು ಬೋರ್‌ವೆಲ್ ನೀರು. ಗೀಸರ್ ಕಾಯಿಲ್ ಮೇಲೆ, ಬಚ್ಚಲ ಹಂಡೆಯ ಒಳಗೆ ಕಟ್ಟುವ ಅದೇ ಬಿಳಿ ಗಾರು. ತಾಮ್ರದ ಬ್ಲಾಕನ್ನು ನಿಂಬೆ ಉಪ್ಪು ಕರಗಿಸಿದ ನೀರಿನಲ್ಲಿ ಸ್ವಲ್ಪ ಹೊತ್ತು ನೆನೆಸಿ, ಡಿಸ್ಟಿಲ್ಡ್ ನೀರಿನಲ್ಲಿ ಚೆನ್ನಾಗಿ ತೊಳೆದು, ಹೊಸ ಪೇಸ್ಟ್ ಹಾಕಿ, ಎದುರುಬದುರು ಸ್ಕ್ರೂಗಳನ್ನು ಸರದಿಯಂತೆ ಸಮನಾಗಿ ಬಿಗಿದೆವು. ಬ್ಲಾಕ್ ಅಲ್ಯೂಮಿನಿಯಂನದ್ದು ಅಥವಾ ನಿಕ್ಕಲ್ ಲೇಪನದ್ದಾಗಿದ್ದರೆ ಈ ನಿಂಬೆ ಉಪ್ಪಿನ ಉಪಾಯ ಮಾಡಬೇಡಿ.

ಕೊನೆಗೆ ಬಂದ ಅಂಕಿ: ಕೋಣೆ 34, ನೀರು 42, ಪ್ರೊಸೆಸರ್ 72. ಹೊಸ ಪಂಪು ಕೊಳ್ಳಲಿಲ್ಲ, ಐಸ್ ತರಲಿಲ್ಲ. ಆದ ಖರ್ಚು ಒಂದು ಟ್ಯೂಬ್ ಪೇಸ್ಟ್ ಮತ್ತು ಡಿಸ್ಟಿಲ್ಡ್ ನೀರಿನದ್ದು ಮಾತ್ರ.

ಲಕ್ಷಣ ನೋಡಿ ಕಾರಣ ಹಿಡಿಯುವುದು ಹೇಗೆ?

ಥರ್ಮಾಮೀಟರ್ ಇಲ್ಲದಿದ್ದರೂ ಬಿಸಿ ಏರುವ ವೇಗವೇ ಅರ್ಧ ಉತ್ತರ ಕೊಡುತ್ತದೆ.

ಕೆಲಸ ಶುರುವಾದ ಕೆಲವೇ ಸೆಕೆಂಡುಗಳಲ್ಲಿ ಉಷ್ಣಾಂಶ 90 ದಾಟಿದರೆ ಬ್ಲಾಕ್ ಸರಿಯಾಗಿ ಕೂತಿಲ್ಲ ಅಥವಾ ಪಂಪು ತಿರುಗುತ್ತಿಲ್ಲ. ಪೈಪು ಮಡಚಿಕೊಂಡಿದೆಯೇ, ಟ್ಯಾಂಕಿಗೆ ನೀರು ವಾಪಸ್ ಬೀಳುತ್ತಿದೆಯೇ ನೋಡಿ.

ಇಪ್ಪತ್ತು, ನಲವತ್ತು ನಿಮಿಷದಲ್ಲಿ ನಿಧಾನಕ್ಕೆ ಏರುತ್ತಾ ಹೋದರೆ ತೊಂದರೆ ರೇಡಿಯೇಟರ್ ಕಡೆ. ಧೂಳು, ಫ್ಯಾನಿನ ದಿಕ್ಕು, ಮುಚ್ಚಿದ ಮೇಜಿನ ಗೂಡು, ಗಾಳಿಯಾಡದ ಕೋಣೆ ಇವನ್ನು ಪರೀಕ್ಷಿಸಿ.

ತಿಂಗಳುಗಳಲ್ಲಿ ನಿಧಾನವಾಗಿ ಹದಗೆಟ್ಟರೆ ಒಳಗೆ ಗಾರು, ಪಾಚಿ ಅಥವಾ ಲೋಹದ ತುಕ್ಕು ಸೇರಿಕೊಂಡಿದೆ. ನೀರಿನ ಬಣ್ಣ ನೋಡಿದರೆ ಬಹಳ ಸಲ ಗೊತ್ತಾಗುತ್ತದೆ. ಪಾಚಿಗೆ ಬೆಳಕು ಬೇಕು. ಪಾರದರ್ಶಕ ಟ್ಯಾಂಕನ್ನು ಕಿಟಕಿ ಪಕ್ಕ ಇಡಬೇಡಿ, ಇಟ್ಟರೆ ಕಪ್ಪು ಟೇಪ್ ಸುತ್ತಿ.

ಗುಳುಗುಳು ಸದ್ದು ಬಂದರೆ ಗಾಳಿ ಸಿಕ್ಕಿಕೊಂಡಿದೆ. ಟ್ಯಾಂಕ್ ಪಂಪಿಗಿಂತ ಮೇಲೆ ಇರಲಿ. ರೇಡಿಯೇಟರನ್ನು ಆಚೀಚೆ ನಿಧಾನಕ್ಕೆ ಓರೆ ಮಾಡಿದರೆ ಗುಳ್ಳೆಗಳು ಟ್ಯಾಂಕಿಗೆ ಬಂದು ಹೊರಹೋಗುತ್ತವೆ.

ಫಾರ್ವರ್ಡ್‌ಗಳಲ್ಲಿ ಬರುವ ಮಾತು, ನಿಜ ಸಂಗತಿ

‘ಐಸ್ ಹಾಕಿದರೆ ಇನ್ನೂ ಒಳ್ಳೆಯದು.’ ಒಂದು ಕಿಲೋ ಐಸ್ ಕರಗುವಾಗ 150 ವ್ಯಾಟ್ ಬಿಸಿಯನ್ನು ಸುಮಾರು 37 ನಿಮಿಷ ಹೀರಿಕೊಳ್ಳುತ್ತದೆ. ಎಂಟು ಗಂಟೆಗೆ ಹತ್ತಿರ ಹತ್ತಿರ 13 ಕಿಲೋ ಬೇಕು. ಖರ್ಚಿನ ಮಾತು ಬಿಡಿ, ನಿಜವಾದ ಅಪಾಯ ಬೇರೆ ಇದೆ. ತಣ್ಣನೆಯ ಲೋಟದ ಹೊರಗೆ ನೀರ ಹನಿ ಕೂರುತ್ತದಲ್ಲ, ಅದೇ ಹನಿ ಬ್ಲಾಕ್ ಮೇಲೆ, ಪೈಪಿನ ಮೇಲೆ, ಕೊನೆಗೆ ಮದರ್‌ಬೋರ್ಡ್ ಮೇಲೆ ಕೂರುತ್ತದೆ. ಹೊರಗೆ 36 ಡಿಗ್ರಿ ಮತ್ತು ತೇವಾಂಶ ಶೇ. 30 ಇದ್ದಾಗ ಸುಮಾರು 16 ಡಿಗ್ರಿಗಿಂತ ತಣ್ಣಗಿರುವ ಯಾವ ವಸ್ತುವಿನ ಮೇಲಾದರೂ ಹನಿ ಕಟ್ಟುತ್ತದೆ. ನಮ್ಮ ಮಲೆನಾಡಿನ ಮಳೆಗಾಲದಲ್ಲಿ, 26 ಡಿಗ್ರಿ ಮತ್ತು ಶೇ. 90 ತೇವಾಂಶ ಇರುವ ದಿನ, 24 ಡಿಗ್ರಿಯ ನೀರೇ ಸಾಕು.

‘ನೀರು ಹಾಕಿದರೆ ಕಂಪ್ಯೂಟರ್ ಕೋಣೆಗಿಂತ ತಣ್ಣಗಾಗುತ್ತದೆ.’ ರೇಡಿಯೇಟರ್ ಮತ್ತು ಫ್ಯಾನಿನಿಂದ ನೀರು ಕೋಣೆಯ ಗಾಳಿಗಿಂತ ತಣ್ಣಗಾಗಲು ಸಾಧ್ಯವೇ ಇಲ್ಲ. ಮಡಿಕೆಯ ನೀರು ತಣ್ಣಗಾಗುವುದು ಅದು ಆವಿಯಾಗುವುದರಿಂದ. ಮುಚ್ಚಿದ ಪೈಪಿನಲ್ಲಿ ಆವಿಯಾಗುವುದಕ್ಕೆ ಅವಕಾಶವಿಲ್ಲ. ಆದ್ದರಿಂದ ಏಪ್ರಿಲ್‌ನ ಮಧ್ಯಾಹ್ನ ಜನವರಿಗಿಂತ ಹತ್ತು ಡಿಗ್ರಿ ಹೆಚ್ಚು ತೋರಿಸಿದರೆ ನಿಮ್ಮ ಸಿಸ್ಟಂ ಕೆಟ್ಟಿದೆ ಎಂದಲ್ಲ. ಅಂತರಗಳು ಹಾಗೇ ಇದ್ದರೆ ಬಿಸಿಯಾಗಿರುವುದು ಊರು, ಯಂತ್ರವಲ್ಲ.

ಅಷ್ಟಕ್ಕೂ ನೀರು ತಣ್ಣಗೆ ಕೊರೆಯಬೇಕೆಂದೇನೂ ಇಲ್ಲ. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ 2022ರಲ್ಲಿ ಸ್ಥಾಪನೆಯಾದ ಪರಮ್ ಪ್ರವೇಗ ಸೂಪರ್ ಕಂಪ್ಯೂಟರ್ 3.3 ಪೆಟಾಫ್ಲಾಪ್ ಸಾಮರ್ಥ್ಯದ್ದು. ಅದರಲ್ಲಿ ಬಳಸಿರುವ ಬುಲ್‌ಸೀಕ್ವಾನಾ ಎಕ್ಸ್‌ಎಚ್ 2000 ಮಾದರಿಯನ್ನು ಸುಮಾರು 40 ಡಿಗ್ರಿಯವರೆಗಿನ ಬೆಚ್ಚನೆಯ ನೀರಿನಿಂದಲೇ ನಡೆಯುವಂತೆ ರೂಪಿಸಲಾಗಿದೆ. 70, 80 ಡಿಗ್ರಿಯ ಚಿಪ್‌ಗೆ 40 ಡಿಗ್ರಿಯ ನೀರೂ ತಂಪೇ.

‘ನೀರು ನಿಧಾನಕ್ಕೆ ಹರಿದರೆ ಹೆಚ್ಚು ಬಿಸಿ ಹೀರುತ್ತದೆ.’ ತಪ್ಪು. ನಿಮಿಷಕ್ಕೆ 1 ಲೀಟರ್ ಹರಿದರೆ 150 ವ್ಯಾಟ್ ಬಿಸಿಗೆ ಬ್ಲಾಕ್ ದಾಟುವಷ್ಟರಲ್ಲಿ ನೀರು ಸುಮಾರು 2 ಡಿಗ್ರಿ ಏರುತ್ತದೆ. ಕಾಲು ಲೀಟರ್‌ಗೆ ಇಳಿಸಿದರೆ 8 ಡಿಗ್ರಿಗೂ ಹೆಚ್ಚು ಏರುತ್ತದೆ, ಚಿಪ್ ಅಷ್ಟು ಹೆಚ್ಚು ಬಿಸಿಯಾಗುತ್ತದೆ. ಹಾಗೆಂದು ದೊಡ್ಡ ಪಂಪು ಹಾಕಿ 4 ಲೀಟರ್ ಹರಿಸಿದರೂ ದೊಡ್ಡ ಲಾಭವಿಲ್ಲ, ಆ 2 ಡಿಗ್ರಿ ಅರ್ಧ ಡಿಗ್ರಿ ಆಗುತ್ತದೆ ಅಷ್ಟೆ. ಪಂಪಿನ ಸ್ವಂತ ಬಿಸಿಯೂ ನೀರಿಗೇ ಸೇರುತ್ತದೆ.

‘ಆರ್‌ಒ ನೀರು ಶುದ್ಧ, ಅದೇ ಸಾಕು.’ ಕುಡಿಯಲು ಶುದ್ಧ ಎಂದರೆ ಲವಣ ಇಲ್ಲ ಎಂದಲ್ಲ. ಆರ್‌ಒ ನೀರಿನಲ್ಲಿ ಸ್ವಲ್ಪ ಲವಣ ಉಳಿದಿರುತ್ತದೆ, ಕೆಲವು ಯಂತ್ರಗಳು ರುಚಿಗಾಗಿ ಖನಿಜ ಸೇರಿಸುವುದೂ ಉಂಟು. ಡಿಸ್ಟಿಲ್ಡ್ ನೀರು ಬ್ಯಾಟರಿ ಅಂಗಡಿಗಳಲ್ಲಿ ಸಿಗುತ್ತದೆ. ಕೇಳುವಾಗ ‘ಡಿಸ್ಟಿಲ್ಡ್ ವಾಟರ್’ ಎಂದೇ ಕೇಳಿ, ಲೇಬಲ್ ಓದಿ. ಅದೇ ಅಂಗಡಿಯಲ್ಲಿ ಬ್ಯಾಟರಿ ಆಸಿಡ್ ಕೂಡ ಇರುತ್ತದೆ.

‘ಡಿಸ್ಟಿಲ್ಡ್ ನೀರು ಸೋರಿದರೂ ಏನೂ ಆಗಲ್ಲ, ಅದರಲ್ಲಿ ಕರೆಂಟ್ ಹರಿಯಲ್ಲ.’ ಬಾಟಲಿಯಲ್ಲಿ ಇರುವಾಗ ಈ ಮಾತು ಬಹುಮಟ್ಟಿಗೆ ನಿಜ. ಆದರೆ ಲೋಹದ ಬ್ಲಾಕ್, ಪೈಪುಗಳಲ್ಲಿ ಸುತ್ತುತ್ತಾ ಅದು ಅಯಾನುಗಳನ್ನು ಕರಗಿಸಿಕೊಳ್ಳುತ್ತದೆ. ಬೋರ್ಡ್ ಮೇಲಿನ ಧೂಳಿಗೆ ತಾಗಿದ ಮೇಲಂತೂ ಅದು ಶುದ್ಧ ನೀರಲ್ಲ. ಸೋರಿಕೆ ಕಂಡ ತಕ್ಷಣ ಗೋಡೆಯ ಸ್ವಿಚ್ ಆಫ್ ಮಾಡಿ.

‘ಗಾಡಿಯ ರೇಡಿಯೇಟರ್, ಗಾಡಿಯ ಕೂಲಂಟ್ ಹಾಕಿದರೆ ಆಯಿತು.’ ಈಗಿನ ಗಾಡಿಗಳ ರೇಡಿಯೇಟರ್ ಸಾಮಾನ್ಯವಾಗಿ ಅಲ್ಯೂಮಿನಿಯಂ, ಬ್ಲಾಕ್ ತಾಮ್ರ. ಎರಡೂ ಒಂದೇ ನೀರಿನಲ್ಲಿ ಇದ್ದರೆ ಒಂದು ಬ್ಯಾಟರಿಯೇ ಆಗಿ ಅಲ್ಯೂಮಿನಿಯಂ ಸವೆಯುತ್ತಾ ಹೋಗುತ್ತದೆ, ಆ ಪುಡಿ ಬ್ಲಾಕ್‌ನಲ್ಲಿ ಸಿಕ್ಕಿಕೊಳ್ಳುತ್ತದೆ. ಎರಡೂ ಒಂದೇ ಲೋಹದ್ದಾಗಿರುವುದು ಉತ್ತಮ. ತುಕ್ಕು ತಡೆಯುವ ಅಂಶ ಇರುವ ಕೂಲಂಟ್ ಈ ಸವೆತವನ್ನು ನಿಧಾನಗೊಳಿಸುತ್ತದೆ. ಆದರೆ ಗಾಡಿ ಕೂಲಂಟ್‌ನಲ್ಲಿ ಸಾಮಾನ್ಯವಾಗಿ ಎಥಿಲೀನ್ ಗ್ಲೈಕಾಲ್ ಇರುತ್ತದೆ. ಅದು ಸಿಹಿ ರುಚಿಯ ವಿಷ. ಬಣ್ಣದ ಶರಬತ್ತಿನ ಹಾಗೆ ಕಾಣುತ್ತದೆ. ಮಕ್ಕಳು, ನಾಯಿ, ಬೆಕ್ಕು ಇರುವ ಮನೆಯಲ್ಲಿ ತೆರೆದ ಟ್ಯಾಂಕಿನಲ್ಲಿ ಅಥವಾ ಹಳೆಯ ತಂಪು ಪಾನೀಯದ ಬಾಟಲಿಯಲ್ಲಿ ಅದನ್ನು ಎಂದೂ ಇಡಬೇಡಿ.

ಕಂಪ್ಯೂಟರ್‌ಗಿಂತ ಮೊದಲು ಜೀವ

ವಿಡಿಯೋಗಳು ಹೇಳದ ಇನ್ನೊಂದು ವಿಷಯ ಇದು. ಮೀನಿನ ತೊಟ್ಟಿಯ ಪಂಪು ಸಾಮಾನ್ಯವಾಗಿ 230 ವೋಲ್ಟ್‌ನದ್ದು, ಅದೂ ನೀರಿನ ಒಳಗೇ ಇರುವಂಥದ್ದು. ಅದರ ಹೊರಕವಚ ಬಿರುಕು ಬಿಟ್ಟರೆ ಬಕೆಟ್ ನೀರಿಗೇ ಕರೆಂಟ್ ಬರುತ್ತದೆ. ಆ ನೀರು ಎಷ್ಟು ಬಿಸಿಯಾಗಿದೆ ಎಂದು ಬೆರಳದ್ದಿ ನೋಡುವುದು ಎಲ್ಲರ ಅಭ್ಯಾಸ. ಪ್ಲಗ್ ಕಿತ್ತ ಮೇಲಷ್ಟೇ ನೀರಿಗೆ ಕೈ ಹಾಕಿ. ಸಾಧ್ಯವಾದರೆ 12 ವೋಲ್ಟ್‌ನ ಡಿಸಿ ಪಂಪು ಬಳಸಿ. ಮನೆಯಲ್ಲಿ 30 ಮಿಲಿಆಂಪಿಯರ್‌ನ ಆರ್‌ಸಿಸಿಬಿ ಇದೆಯೇ, ಅರ್ತಿಂಗ್ ಸರಿಯಿದೆಯೇ ಎಂದು ಎಲೆಕ್ಟ್ರಿಷಿಯನ್ ಹತ್ತಿರ ಒಮ್ಮೆ ನೋಡಿಸಿ. ಪಂಪಿನ ವೈರು ಪ್ಲಗ್‌ಗಿಂತ ಕೆಳಗೆ ಜೋತುಬಿದ್ದು ಮೇಲೆ ಬರುವಂತಿರಲಿ. ಆಗ ವೈರಿನ ಮೇಲೆ ಹರಿದ ಹನಿ ಪ್ಲಗ್ ಸೇರದೆ ಕೆಳಗೇ ಬೀಳುತ್ತದೆ.

ಹೊಸದಾಗಿ ಜೋಡಿಸಿದಾಗ ಅಥವಾ ಬಿಚ್ಚಿ ಜೋಡಿಸಿದಾಗ ಕಂಪ್ಯೂಟರ್ ಆಫ್ ಇಟ್ಟು, ಪಂಪನ್ನು ಮಾತ್ರ ಬೇರೆ ಅಡಾಪ್ಟರ್‌ನಿಂದ 24 ಗಂಟೆ ಓಡಿಸಿ. ಪ್ರತಿ ಜೋಡಣೆಯ ಕೆಳಗೆ ಟಿಶ್ಯೂ ಕಾಗದ ಇಡಿ. ಒಂದು ಸಣ್ಣ ಒದ್ದೆ ಗುರುತು ಕಂಡರೂ ಕಂಪ್ಯೂಟರ್ ಆನ್ ಮಾಡಬೇಡಿ. ನಾವು ಬ್ಲಾಕ್ ಬಿಚ್ಚಿ ಜೋಡಿಸಿದ ದಿನ ಆ ಹುಡುಗನಿಗೆ ಒಂದು ರಾತ್ರಿ ಕಾಯುವುದೂ ಕಷ್ಟವಾಗಿತ್ತು. ಬೆಳಿಗ್ಗೆ ನೋಡಿದರೆ ಒಂದು ಕ್ಲಿಪ್ಪಿನ ಕೆಳಗಿನ ಕಾಗದ ಒದ್ದೆಯಾಗಿತ್ತು. ಕ್ಲಿಪ್ ಬದಲಿಸಿ ಇನ್ನೊಂದು ದಿನ ಓಡಿಸಿದ ಮೇಲೆಯೇ ಮೇಲೆ ಹೇಳಿದ 72ರ ಅಂಕಿ ಸಿಕ್ಕಿದ್ದು. ಆ ರಾತ್ರಿ ಆತುರಪಟ್ಟಿದ್ದರೆ ಆ ಹನಿ ಬೀಳುತ್ತಿದ್ದದ್ದು ಮದರ್‌ಬೋರ್ಡ್ ಮೇಲೆ.

ಹಾಗಾದರೆ ವಾಟರ್ ಕೂಲಿಂಗ್ ಬೇಕೇ?

ಬಹಳಷ್ಟು ಮನೆಗಳಿಗೆ ಬೇಡ. ಪ್ರೊಸೆಸರ್ 80 ಡಿಗ್ರಿ ತೋರಿಸಿದ ಮಾತ್ರಕ್ಕೆ ಸುಟ್ಟುಹೋಗುವುದಿಲ್ಲ. ಇಂದಿನ ಬಹುತೇಕ ಪ್ರೊಸೆಸರ್‌ಗಳು 95ರಿಂದ 100 ಡಿಗ್ರಿಯ ಆಸುಪಾಸಿನಲ್ಲಿ ತಾವೇ ವೇಗ ಇಳಿಸಿಕೊಳ್ಳುತ್ತವೆ, ಆಗಲೂ ಆಗದಿದ್ದರೆ ಆಫ್ ಆಗುತ್ತವೆ. ಮೊದಲು ಧೂಳು ತೆಗೆಯಿರಿ, ಹಳೆಯ ಪೇಸ್ಟ್ ಬದಲಿಸಿ, ಕ್ಯಾಬಿನೆಟ್ಟನ್ನು ಗೋಡೆಯಿಂದ ದೂರ ಇಡಿ. ಅದೂ ಸಾಲದಿದ್ದರೆ ಒಂದು ಒಳ್ಳೆಯ ಏರ್ ಕೂಲರ್, ಅಂದರೆ ದೊಡ್ಡ ರೆಕ್ಕೆಗಳಿರುವ ಫ್ಯಾನ್ ಸೆಟ್, ಸಾಕಾಗುತ್ತದೆ. ಅದು ಸೋರುವುದಿಲ್ಲ. ದಿನವಿಡೀ ಜೋರು ಕೆಲಸ ಮಾಡುವ ಯಂತ್ರವಾದರೆ, ಕೈಯಿಂದ ಕೆಲಸ ಮಾಡುವ ಆಸಕ್ತಿ ಮತ್ತು ತಿಂಗಳಿಗೊಮ್ಮೆ ಪರೀಕ್ಷಿಸುವ ತಾಳ್ಮೆ ಇದ್ದರೆ ನೀರಿನ ದಾರಿ ಹಿಡಿಯಬಹುದು.

ಏನೇ ಮಾಡುವ ಮೊದಲು, ಮುಖ್ಯವಾದ ಫೈಲ್‌ಗಳ ಒಂದು ಪ್ರತಿಯನ್ನು ಬೇರೆ ಹಾರ್ಡ್ ಡಿಸ್ಕ್‌ಗೆ ಹಾಕಿಟ್ಟುಕೊಳ್ಳಿ. ಭದ್ರಾವತಿಯಲ್ಲಿ ನಾವು ಮಾಡಿದ ಮೊದಲ ಕೆಲಸವೂ ಅದೇ. ಕಂಪ್ಯೂಟರ್ ಆನ್ ಮಾಡಿ, ಬೇರಾವ ಕೆಲಸವನ್ನೂ ಕೊಡದೆ, ಎರಡು ಮದುವೆಗಳ ಫೂಟೇಜನ್ನು ಮೊದಲು ಹೊರಗೆ ತೆಗೆದಿಟ್ಟೆವು. ಥರ್ಮಾಮೀಟರ್ ಹೊರಬಂದದ್ದು ಆಮೇಲೆ.

ಮುಂದಿನ ಸಲ ಬಕೆಟ್ ವಿಡಿಯೋ ನಿಮ್ಮ ಗುಂಪಿಗೆ ಬಂದರೆ ಕಳಿಸಿದವರನ್ನು ಒಂದೇ ಪ್ರಶ್ನೆ ಕೇಳಿ: ‘ಮೂರು ಗಂಟೆ ಆದ್ಮೇಲೆ ನೀರು ಎಷ್ಟು ಡಿಗ್ರಿ ಇತ್ತು?’ ಉತ್ತರ ಬಂದರೆ ಫಾರ್ವರ್ಡ್ ಮಾಡಿ. ಬರದಿದ್ದರೆ, ಪ್ಲಗ್ ಕಿತ್ತ ಮೇಲೆಯೇ ನೀರಿಗೆ ಕೈ ಹಾಕಿ ಅನ್ನುವ ಮಾತನ್ನಾದರೂ ಅದರ ಜೊತೆ ಕಳಿಸಿ.